ಹಠಾತ್ ಹಲ್ಲೆ: ನಮಗೆ ಎಂಥ ತರಬೇತಿ ಬೇಕು?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಆತ್ಮರಕ್ಷಣೆ ತರಬೇತಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ವೇದಿಕೆ ಮೇಲಿನ ಕರಾಟೆ. ಬಿಳಿ ಬಟ್ಟೆ, ಹೆಂಚು ಒಡೆಯುವುದು, ಚಪ್ಪಾಳೆ. ಒಳ್ಳೆಯ ವ್ಯಾಯಾಮ, ಬೇಡ ಅನ್ನುವುದಿಲ್ಲ. ಆದರೆ ನಿಜವಾದ ಹಲ್ಲೆ ನಮಸ್ಕಾರ ಮಾಡಿ ಶುರುವಾಗುವುದಿಲ್ಲ. ಚಿತ್ರದುರ್ಗದ ಓಬವ್ವ ಕಿಂಡಿಯ ಪಕ್ಕ ಒನಕೆ ಹಿಡಿದು ಕಾದು ನಿಂತಿದ್ದಳಂತೆ. ಶತ್ರು ಎಲ್ಲಿಂದ ಬರುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ನಮ್ಮ ಮೇಲೆ ಕೈ ಮಾಡುವವನು ಮಾತಾಡಿಕೊಂಡೇ ಹತ್ತಿರ ಬಂದಿರುತ್ತಾನೆ.

1983ರಲ್ಲಿ ಅಮೆರಿಕದ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಕೊಟ್ಟರು. 21 ಅಡಿ ದೂರದಲ್ಲಿರುವವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮೈಮೇಲೆ ಬೀಳಬಲ್ಲ. ಪೊಲೀಸನಿಗೆ ಪಿಸ್ತೂಲು ತೆಗೆದು ಗುಂಡು ಹಾರಿಸಲಿಕ್ಕೇ ಅಷ್ಟು ಹೊತ್ತು ಬೇಕು. ಹಾಗಿರುವಾಗ ಬ್ಯಾಗಿನ ತಳದ ಖಾರದಪುಡಿ ಯಾವಾಗ ಹುಡುಕುತ್ತೀರಿ?

ಆ ಕ್ಷಣ ಎದೆ ಡವಡವ ಅನ್ನುತ್ತದೆ, ಬೆರಳು ನಡುಗುತ್ತದೆ, ಕಲಿತ ನಾಜೂಕಿನ ಪಟ್ಟು ಮರೆತುಹೋಗುತ್ತದೆ. ಆದರೆ ಕೈ ಮಾತ್ರ ತಾನಾಗಿ ಮುಖದ ಕಡೆ ಏಳುತ್ತದೆ. ತರಬೇತಿ ಅಲ್ಲಿಂದಲೇ ಶುರುವಾಗಬೇಕು. ಎರಡೂ ಕೈಯಿಂದ ತಲೆ, ಕತ್ತು ಮುಚ್ಚಿ, ಗದ್ದ ತಗ್ಗಿಸಿ, ಬೀಳದಂತೆ ನಿಲ್ಲುವುದು. ಮೊಣಕೈಯಿಂದಲೋ ಅಂಗೈಯಿಂದಲೋ ಜೋರಾಗಿ ದೂಡಿ ಜನ ಇರುವ ಕಡೆ ಓಡುವುದು. ಕೂಗುವುದು. ಈ ಕೂಗುವುದೇ ನಮ್ಮವರಿಗೆ ಎಲ್ಲಕ್ಕಿಂತ ಕಷ್ಟ, "ಮೆಲ್ಲಗೆ ಮಾತಾಡೇ" ಅಂತಲೇ ಬೆಳೆಸಿದ್ದಲ್ಲವೇ? ಚೂರಿ ಕಂಡರೆ ಕಸಿಯುವ ಸಾಹಸ ಬೇಡ. ಸರ ಕೇಳಿದರೆ ಕೊಟ್ಟುಬಿಡಿ.

ಇದನ್ನೆಲ್ಲ ದಿನಾ ಉಡುವ ಸೀರೆಯಲ್ಲೇ, ಗೋಡೆಗೆ ಒತ್ತಿ ನಿಂತು, ನೆಲಕ್ಕೆ ಬಿದ್ದು, ಜೊತೆಗಾತಿ ಹೇಳದೆ ಹಿಡಿದಾಗ ಅಭ್ಯಾಸ ಮಾಡಬೇಕು. ಮೊದಲು ನಿಧಾನ, ಆಮೇಲೆ ಜೋರು. ಹಿಂದೆ ಹಲ್ಲೆಯ ನೋವು ಉಂಡವರು ಇದ್ದರೆ ಅವರಿಗೆ ಬಲವಂತ ಕೂಡದು.

ಫಲ ಇದೆಯೇ? ಕೆನಡಾದ ಮೂರು ವಿಶ್ವವಿದ್ಯಾಲಯಗಳ ಹುಡುಗಿಯರ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಬರೀ ಕರಪತ್ರ ಪಡೆದವರಲ್ಲಿ ಶೇ. 9.8, 12 ಗಂಟೆಯ ತರಬೇತಿ ಪಡೆದವರಲ್ಲಿ ಶೇ. 5.2. (ನಮ್ಮ ಕರಪತ್ರವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ!) ಅಲ್ಲಿ ಕಲಿಸಿದ್ದು ಹೊಡೆತ ಮಾತ್ರವಲ್ಲ, ಪರಿಚಯದವನ ನಡತೆಯಲ್ಲಿ ಅಪಾಯ ಗುರುತಿಸುವುದು, ದಾಕ್ಷಿಣ್ಯ ಬಿಟ್ಟು ಬೇಡ ಅನ್ನುವುದು ಕೂಡ. ನಮ್ಮ ದೇಶದಲ್ಲೂ ದಾಖಲಾದ ಅತ್ಯಾಚಾರಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಆರೋಪಿ ಗುರುತಿನವನೇ.

ಕೆಲವರಿಗೆ ಆಗ ಮೈ ಮರಗಟ್ಟಿಬಿಡುತ್ತದೆ, ಧ್ವನಿ ಬರುವುದಿಲ್ಲ. ದಯವಿಟ್ಟು ಅಂಥವಳನ್ನು "ನೀನ್ಯಾಕೆ ಕೂಗಲಿಲ್ಲ?" ಅಂತ ಕೇಳಬೇಡಿ. ಪ್ರತಿರೋಧ ತೋರಲಿಲ್ಲ ಅಂದ ಮಾತ್ರಕ್ಕೆ ಒಪ್ಪಿಗೆ ಅಲ್ಲ ಅಂತ ಕಾನೂನೇ ಹೇಳುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಹಿಂದಿನ ಕಾನೂನಿನಂತೆಯೇ, ನಮ್ಮ ದೇಹ ಕಾಪಾಡಿಕೊಳ್ಳಲು ಬೇಕಾದಷ್ಟು ಬಲ ಬಳಸುವ ಹಕ್ಕೂ ಇದೆ. ಬೇಕಾದಷ್ಟು ಮಾತ್ರ, ಓಡಿಹೋಗುವವನನ್ನು ಅಟ್ಟಿ ಹೊಡೆಯಲಿಕ್ಕೆ ಅಲ್ಲ. ತಪ್ಪಿಸಿಕೊಂಡ ಕೂಡಲೇ 112ಕ್ಕೆ ಕರೆ ಮಾಡಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಗಂಟೆ ಇದಕ್ಕೇ ಇಡೋಣ. ಹಳೇ ಸೀರೆ ಉಟ್ಟು ಬನ್ನಿ.