ಹಳೆಯ ಯಂತ್ರದ ಹೊಸ ವೇಷಧಾರಿ

ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿದಾಗ ಹಳೆಯ ಫ್ಲಾಪಿಗಳ ಕಟ್ಟೊಂದು ತಮ್ಮ ಕೈಗೆ ಸಿಕ್ಕಿತೆನ್ನಿ. ತಂದೆಯವರ ಅಂಗಡಿ ಲೆಕ್ಕವೋ, ಅಜ್ಜನವರು ಬೆರಳಚ್ಚು ಮಾಡಿಸಿಟ್ಟ ನೆನಪುಗಳೋ ಅದರಲ್ಲಿರಬಹುದು. ಅದನ್ನು ಓದುತ್ತಿದ್ದ ಯಂತ್ರ ಮಾತ್ರ ಎಂದೋ ಗುಜರಿ ಸೇರಿದೆ. ಹಾಗಾದರೆ ಆ ಬರಹವೂ ಹೋದಂತೆಯೆ? ಹೋಗಬೇಕಾದ್ದಿಲ್ಲ.

ಆ ಗಣಕಗಳಲ್ಲಿ ಬಹುಪಾಲು ನಡೆಯುತ್ತಿದ್ದುದು ಡಾಸ್ ಎಂಬ ವ್ಯವಸ್ಥೆಯಿಂದ. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಈ ಡಾಸ್, ಪ್ರೋಗ್ರಾಮುಗಳಿಗೆ ಬಿಟ್ಟುಕೊಡುತ್ತಿದ್ದ ಸ್ಮೃತಿ ಹೆಚ್ಚೆಂದರೆ 640 ಕಿಲೋಬೈಟು. ಇಂದಿನ ಗಣಕಕ್ಕೆ ಅದು ಒಂದು ಮೂಲೆಯೂ ಅಲ್ಲ. ಆದ್ದರಿಂದ ಹೊಸ ಗಣಕವು ಹಳೆಯದರ ವೇಷವನ್ನು ಸುಲಭವಾಗಿ ಕಟ್ಟಬಲ್ಲದು. ಇದಕ್ಕೆ ಎಮ್ಯುಲೇಷನ್ ಎಂದು ಹೆಸರು.

ಇದು ನಡೆಯುವ ಬಗೆ ಹೀಗೆ. ಹಳೆಯ ಪ್ರೋಗ್ರಾಮು "ಇದನ್ನು ಕೂಡು, ಅದನ್ನು ಅಲ್ಲಿಡು" ಎಂದು ಒಂದೊಂದಾಗಿ ಅಪ್ಪಣೆ ಕೊಡುತ್ತದೆ. ಎಮ್ಯುಲೇಟರು ದುಭಾಷಿಯಂತೆ ನಡುವೆ ಕುಳಿತು, ಹಳೆಯ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಹೊಸ ಯಂತ್ರದಿಂದ ಮಾಡಿಸುತ್ತದೆ. ತಾನಿರುವುದು ಪರರ ಮನೆಯಲ್ಲಿ ಎಂದು ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಇಂಥದೊಂದು. ಅದಕ್ಕೆ ಹಣ ಕೊಡಬೇಕಿಲ್ಲ. ಹೊಸ ಯಂತ್ರದ ಓಟ ಹೆಚ್ಚಾಗಿ ಹಳೆಯ ಆಟಗಳು ಕಣ್ಣಿಗೆ ಸಿಗದಂತೆ ಓಡಿದರೆ, ವೇಗವನ್ನು ತಗ್ಗಿಸುವ ಅನುಕೂಲವೂ ಅದರಲ್ಲುಂಟು.

ಆದರೆ ಮೊದಲ ಕೆಲಸ ಫ್ಲಾಪಿಯ ಪ್ರತಿ ತೆಗೆಯುವುದು. ಬೂಷ್ಟು ಹಿಡಿದ ಫ್ಲಾಪಿಯನ್ನು ಯಾವ ಎಮ್ಯುಲೇಟರೂ ಬದುಕಿಸಲಾರದು. ಐದೂಕಾಲು ಅಂಗುಲದ್ದಾದರೆ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚಿ. ಮೂರೂವರೆ ಅಂಗುಲದ್ದಾದರೆ ಮೂಲೆಯ ಕಿಟಕಿಯನ್ನು ತೆರೆದಿಡಿ. ಆಗ ಕೈತಪ್ಪಿ ಏನೂ ಅಳಿಯದು. ಬಳಿಕ ಇಡೀ ಫ್ಲಾಪಿಯನ್ನು ಒಂದೇ ಕಡತವಾಗಿ ಪ್ರತಿಮಾಡಿಕೊಂಡು, ಆ ಪ್ರತಿಯ ಮೇಲೆಯೇ ಪ್ರಯೋಗ ನಡೆಸಿ.

ಕನ್ನಡದ ಮಾತಿಗೆ ಬಂದರೆ ಒಂದು ತೊಡಕುಂಟು. ಡಾಸ್ ಕಾಲದಲ್ಲಿ ನಮ್ಮ ಲಿಪಿಯನ್ನು ತೆರೆಗೆ ತರಲು ಅನೇಕರು ಜಿಸ್ಟ್ ಎಂಬ ಕಾರ್ಡನ್ನು ಗಣಕದೊಳಗೆ ಕೂರಿಸುತ್ತಿದ್ದರು. ಡಾಸ್‌ಬಾಕ್ಸಿಗೆ ಆ ಕಾರ್ಡಿನ ವೇಷ ಬಾರದು. ಅಕ್ಷರಗಳ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಅಷ್ಟಕ್ಕೆ ಬರಹ ಕೆಟ್ಟಿತೆಂದು ಎಸೆಯಬೇಡಿ. ಅದು ಇಸ್ಕಿ ಸಂಕೇತದಲ್ಲಿದ್ದರೆ, 1991ರ ಭಾರತೀಯ ಮಾನಕದಲ್ಲಿ ಆ ಸಂಕೇತಗಳ ಪಟ್ಟಿ ಅಚ್ಚಾಗಿದೆ. ಅದರ ನೆರವಿನಿಂದ ಬರಹವನ್ನು ಇಂದಿನ ಯೂನಿಕೋಡಿಗೆ ತರಬಹುದು.

ತಾಳೆಗರಿಯನ್ನು ಎಣ್ಣೆ ಸವರಿ ಕಾಪಾಡಿದ ಜನ ನಾವು. ಮೂವತ್ತು ವರ್ಷದ ಹಿಂದಿನ ಬರಹವನ್ನು ಕಳೆದುಕೊಂಡೆವೆಂದರೆ ಮುಂದಿನವರು ನಕ್ಕಾರು. ಇಂದೇ ಟ್ರಂಕನ್ನು ಇಳಿಸಿ ನೋಡಿ.