ಮೇಷ್ಟ್ರ ಕೈಗೆ ಏನು ಕೊಟ್ಟಿರಿ?



ಮೂರನೇ ಕ್ಲಾಸಿಗೆ ಬಂದರೂ ಮಗು ಒಂದು ಸಾಲು ತಡವರಿಸದೆ ಓದಲಿಲ್ಲ ಅಂದರೆ ನಾವು ಮೊದಲು ಬೈಯುವುದು ಮೇಷ್ಟ್ರನ್ನು. ಈ ಬೈಗುಳಕ್ಕೆ ನಮ್ಮ ಸೀಮೆಯಲ್ಲಿ ಇನ್ನೂರು ವರ್ಷದ ದಾಖಲೆಯೇ ಇದೆ. ಆದರೆ ಆ ಮೇಷ್ಟ್ರ ಕೈಗೆ ನಾವು ಏನು ಕೊಟ್ಟಿದ್ದೇವೆ ಅಂತ ಕೇಳಿದವರು ಬೆರಳೆಣಿಕೆಯಷ್ಟು ಜನ. ಪ್ರಾಥಮಿಕ ಶಾಲೆಯ ಕಪಾಟುಗಳಲ್ಲಿ ತಲೆ ಹಾಕುವುದು ನನ್ನ ಹಳೆಯ ಚಟ. ಆ ಪ್ರಶ್ನೆ ಕೇಳಿದ ಕೆಲವರ ಕತೆಯನ್ನು ಇವತ್ತು ಹೇಳುತ್ತೇನೆ.

ಮೊದಲು ಬಳ್ಳಾರಿಗೆ ಹೋಗೋಣ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರುಗಳಿಗೂ ಒಂದು ಹುಕುಂ ಕಳಿಸಿದ. ನಿಮ್ಮ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಓದುವವರೆಷ್ಟು, ವರದಿ ಕೊಡಿ ಅಂತ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತೆಲುಗಿಗೆ ವ್ಯಾಕರಣ ಬರೆದಿದ್ದ ಮನುಷ್ಯ. ನಮ್ಮ ಜನರ ಮಾತಿನ ರುಚಿ ಸ್ವಲ್ಪ ಹತ್ತಿತ್ತು ಅಂತ ಕಾಣುತ್ತದೆ. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿ ಓದಿದರೆ ಶಾಲೆಯ ಮೂಲೆಯಲ್ಲಿ ಕೂತು ನೋಡಿಯೇ ಬರೆದ ಹಾಗಿದೆ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳು ಬರೀ 60. ಆ ಅರವತ್ತು ಹುಡುಗಿಯರು ಯಾರ ಮನೆಯವರು, ಏನು ಓದಿದರು, ಮುಂದೇನಾದರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಇರಲಿ, ಬೆಳಗಿನ ಶಾಲೆ ನೋಡಿ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಮೇಷ್ಟ್ರು ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಮರ್ಯಾದೆ. ಎರಡನೆಯವನ ಕೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮೂವತ್ತನೆಯವನ ಗತಿ ನೀವೇ ಲೆಕ್ಕ ಹಾಕಿ! ಸೋಮಾರಿಗೆ ಕೋದಂಡ. ಎರಡೂ ಕೈ ಕಟ್ಟಿ ಸೂರಿಗೆ ಎಳೆದು ನೇತುಹಾಕುವುದು. ನನ್ನ ತಾತನ ಕಾಲದವರು ಈ ಮಾತು ಆಡುವಾಗ ಈಗಲೂ ಭುಜ ನೋಯುತ್ತಿದೆಯೇನೋ ಎಂಬಂತೆ ಮುಖ ಮಾಡುತ್ತಿದ್ದರು.

ಇಷ್ಟು ಹೊತ್ತು ಬರೀ ಏಟಿನ ಮಾತಾಯಿತು. ಕಲಿಸುವುದು ಹೇಗಿತ್ತು ಗೊತ್ತೇ? ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಕುದುರಿದ ಮೇಲೆ ಹಲಗೆಗೆ ಬಡ್ತಿ. ಅನ್ನ ಮತ್ತು ಇದ್ದಿಲ ಪುಡಿ ಬಳಿದ ಉದ್ದನೆಯ ಮರದ ಹಲಗೆ. ಇಲ್ಲವೇ ಕಡತ, ಅಂದರೆ ಗಂಜಿ ಹಾಕಿ ಗಡುಸು ಮಾಡಿ, ಮಡಿಚಿ, ಮಸಿ ಮೆತ್ತಿದ ಬಟ್ಟೆ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಕಾಸಿಲ್ಲದ ಕೆಲಸ. ಮೇಷ್ಟ್ರು ಒಬ್ಬರೇ, ಮಕ್ಕಳು ಬೇರೆಬೇರೆ ಹಂತದವರು. ಹಾಗಾಗಿ ಬಲ್ಲ ಹುಡುಗರೇ ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಏರ್ಪಾಟನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿದ್ದಾನೆ. ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಅಂದಿದ್ದಾನೆ. ನಿಜವೇ. ಅವನಿಗಿಂತ ಮೊದಲೇ ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇದೇ ಮರಳು, ಇದೇ ಹಿರಿಯ ಹುಡುಗರ ಪದ್ಧತಿ ನೋಡಿ, 1797ರಲ್ಲಿ ಊರಿಗೆ ಹೋಗಿ ಪುಸ್ತಕ ಬರೆದ. ಅದಕ್ಕೆ ಅಲ್ಲಿ ಮದ್ರಾಸ್ ಪದ್ಧತಿ ಅಂತಲೇ ಹೆಸರಾಯಿತು.

ಆದರೆ ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಮೇಷ್ಟ್ರನ್ನು ಬೈದಿದ್ದಾನೆ. ಮಕ್ಕಳು ಪದ್ಯದ ಮೇಲೆ ಪದ್ಯ ಒಪ್ಪಿಸುತ್ತವೆ, ಅರ್ಥ ಮಾತ್ರ ಗಿಣಿಗೆ ಗೊತ್ತಿರುವಷ್ಟೇ. ಹೇಳಿಕೊಡುವವನಿಗೂ ಗೊತ್ತಿಲ್ಲ, ಅಂತ. ಸರಿ ಸ್ವಾಮಿ, ಆದರೆ ಅವನಿಗೆ ಅಚ್ಚಾದ ಒಂದು ಪುಸ್ತಕವಿಲ್ಲ, ಅನುಮಾನ ಬಂದರೆ ಕೇಳಲು ಒಬ್ಬರಿಲ್ಲ, ಸಂಬಳ ಅಂದರೆ ಬಡ ತಂದೆತಾಯಿ ಕೊಟ್ಟದ್ದು. ಅವನ ಕೈಯಲ್ಲಿ ಇದ್ದದ್ದೇ ಮರಳು.

ಈ ಒಂಟಿತನವನ್ನು ಅರ್ಥ ಮಾಡಿಕೊಂಡವರು ಅಂತ ನಾನು ಕೈಮುಗಿಯುವುದು ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರಿಗೆ. ಮರಾಠಿಯಲ್ಲೇ ಪಾಠ ನಡೆಯುತ್ತಿದ್ದ ಆ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ನಿಲ್ಲಿಸಿದವರು ಅಂತ ಎಲ್ಲರೂ ಅವರನ್ನು ನೆನೆಯುತ್ತಾರೆ, ನೆನೆಯಬೇಕಾದ್ದೇ. ನನಗೆ ಅದಕ್ಕಿಂತ ಇಷ್ಟವಾದದ್ದು ಅವರು 1865ರಲ್ಲಿ ಶುರು ಮಾಡಿದ ‘ಮಠಪತ್ರಿಕೆ’. ಕನ್ನಡ ಶಾಲೆಯ ಮೇಷ್ಟ್ರಿಗಾಗಿಯೇ ಒಂದು ಪತ್ರಿಕೆ! ಬಿಜಾಪುರದ ಕಡೆಯ ಯಾವುದೋ ಹಳ್ಳಿಯಲ್ಲಿ ಗುಡಿಯ ಪೌಳಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡ ಒಬ್ಬ ಮಾಸ್ತರರನ್ನು ನೆನೆಸಿಕೊಳ್ಳಿ. ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದರೆ ಬಂದರು, ಅದೂ ತಪ್ಪು ಹುಡುಕಲು. ಅಂಥವರ ಕೈಗೆ ಟಪಾಲಿನಲ್ಲಿ ಹೇಗೆ ಕಲಿಸಬೇಕು ಎಂಬ ಮಾತು ಅಚ್ಚಾಗಿ ಬರುತ್ತದೆ. ಮುಂದೆ ಅದು ‘ಶಾಲಾಪತ್ರಿಕೆ’ಯಾಯಿತು, ವೆಂಕಟ ರಂಗೋ ಕಟ್ಟಿಯಂಥ ವಿದ್ವಾಂಸರು ಸಂಪಾದಕರಾದರು. ಧಾರವಾಡದಿಂದ ಬರುವ ‘ಜೀವನ ಶಿಕ್ಷಣ’ ಅದೇ ವಂಶದ್ದು. ನಮ್ಮಲ್ಲಿ ಎಷ್ಟು ಸಾಹಿತ್ಯಪತ್ರಿಕೆಗಳು ಹುಟ್ಟಿ ಸತ್ತವು ನೋಡಿ, ಮೇಷ್ಟ್ರ ಪತ್ರಿಕೆ ಉಳಿಯಿತು.

ಕರಾವಳಿಯಲ್ಲಿ ಪಂಜೆ ಮಂಗೇಶರಾಯರು. ಸ್ವತಃ ಮೇಷ್ಟ್ರಾಗಿದ್ದು, ಆಮೇಲೆ ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿದವರು. ತರಗತಿಯಲ್ಲಿ ಮಕ್ಕಳ ಬಾಯಿಗೆ ಹಾಕಲು ಕನ್ನಡದ ಹಾಡಿಲ್ಲ, ಕತೆಯಿಲ್ಲ ಅಂತ ಕಂಡು ತಾವೇ ಬರೆದರು, 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ‘ಹಾವಿನ ಹಾಡು’ ಇಲ್ಲದಿದ್ದರೆ ಎಷ್ಟು ಮೇಷ್ಟ್ರ ಮಧ್ಯಾಹ್ನದ ಪಾಠ ತೂಕಡಿಕೆಯಲ್ಲೇ ಮುಗಿಯುತ್ತಿತ್ತೋ!

ಆಮೇಲಿನ ದಶಕಗಳನ್ನು ಬೇಗ ದಾಟುತ್ತೇನೆ, ಬೇಸರಿಸಬೇಡಿ. ಏಕೀಕರಣವಾಯಿತು, ಪಠ್ಯಪುಸ್ತಕ ಒಂದಾಯಿತು, ಸಮಿತಿಗಳು ಬಂದವು, ಹೋದವು. 1987ರಲ್ಲಿ ಕಪ್ಪುಹಲಗೆ ಕಾರ್ಯಾಚರಣೆ ಅಂತ ದೇಶಕ್ಕೆಲ್ಲ ಒಂದು ಯೋಜನೆ. ಶಾಲೆಗೆ ಎರಡು ಕೋಣೆ, ಇಬ್ಬರು ಮೇಷ್ಟ್ರು, ಜೊತೆಗೆ ಪಾಠೋಪಕರಣದ ಪೆಟ್ಟಿಗೆ. ಒಳ್ಳೆಯದೇ. ಆದರೆ ಆ ಪೆಟ್ಟಿಗೆ ಹೆಡ್‌ಮಾಸ್ಟರ ಬೀರುವಿನಲ್ಲಿ ಭದ್ರವಾಗಿ ಕೂತದ್ದನ್ನು ನಾನೇ ಕಂಡಿದ್ದೇನೆ. ಭೂಗೋಳ ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರಲ್ಲ ಎಂಬ ಭಯ. ಮಕ್ಕಳು ಕಿಟಕಿಯಿಂದ ಇಣುಕಿ ಭೂಮಿ ನೋಡುತ್ತಿದ್ದವು.

ಈಗ ನನ್ನ ಪ್ರೀತಿಯ ಅಧ್ಯಾಯ. 1995, ಹೆಗ್ಗಡದೇವನಕೋಟೆ ತಾಲ್ಲೂಕು. ಒಂದು ಕಡೆ ಕಬಿನಿ, ಒಂದು ಕಡೆ ಕಾಡು, ನಡುವೆ ಜೇನುಕುರುಬರ ಹಾಡಿಗಳು. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟರೆ ಮಗುವೂ ಹೊರಟಿತು. ತಿಂಗಳಾದ ಮೇಲೆ ಬಂದರೆ ಪಾಠ ಎಲ್ಲಿಗೋ ಹೋಗಿರುತ್ತದೆ. ಮಗು ಎರಡು ದಿನ ಕೂತು, ಮೂರನೇ ದಿನ ನಾಪತ್ತೆ. ಇಲ್ಲಿನ ಕೆಲವು ಮೇಷ್ಟ್ರುಗಳು ಯುನಿಸೆಫ್ ನೆರವಿನಲ್ಲಿ ಆಂಧ್ರದ ಮದನಪಲ್ಲಿ ಹತ್ತಿರದ ಋಷಿವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲ ಹಳ್ಳಿಗಳಲ್ಲಿ ಒಂದೇ ಕೋಣೆಯ ಶಾಲೆಗಳನ್ನು ನಡೆಸುತ್ತಿದ್ದರು. ಪಾಠವನ್ನೆಲ್ಲ ಚೂರು ಚೂರು ಮಾಡಿ ಕಾರ್ಡುಗಳಿಗೆ ಇಳಿಸಿ, ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿದ್ದರು. ಮಗು ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ, ಬಂದ ಮೇಲೆ ಅದೇ ಮೆಟ್ಟಿಲಿಂದ ಹತ್ತಬಹುದು.

ನಮ್ಮವರು ವಾಪಸು ಬಂದು ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಲಿಲ್ಲ. ಕೂತು ತಮ್ಮ ಮಕ್ಕಳಿಗೆ ತಾವೇ ಕಾರ್ಡು ಬರೆದರು, ತಮ್ಮ ಸೀಮೆಯ ಹಾಡು, ಕತೆ, ಪ್ರಾಣಿಗಳನ್ನು ಹಾಕಿದರು. ಅದೇ ನಲಿಕಲಿ. ಮೇಷ್ಟ್ರು ಕುರ್ಚಿ ಬಿಟ್ಟು ಚಾಪೆಗೆ ಬಂದರು. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂತರು. ಒಂದರಲ್ಲಿ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಅರ್ಧ, ಎರಡರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ತಾನೇ ತಾನು. ಬಳ್ಳಾರಿಯ ಹಿರಿಯ ಹುಡುಗರು ನೆನಪಾದರೇ? ಏಟು ಹೋಗಿತ್ತು, ಗೆಳೆಯ ಉಳಿದಿದ್ದ. ಒಂದೊಂದು ಬಗೆಯ ಕಾರ್ಡಿಗೆ ಒಂದೊಂದು ಚಿತ್ರದ ಗುರುತು. ಅಕ್ಷರ ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಗೋಡೆಯ ಬುಡದಲ್ಲಿ ಮಗುವಿನ ಎತ್ತರಕ್ಕೆ ಕಪ್ಪು ಬಳಿದ ಹಲಗೆ, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುವ ಚಪ್ಪರ.

ನಲಿಕಲಿಯ ಅಕ್ಷರಕ್ರಮ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ನಾವೆಲ್ಲ ಅ ಆ ಇ ಈ ಅಂತ ಶುರು ಮಾಡಿ, ಙ ಞ ಎಲ್ಲ ದಾಟಿ, 49 ಮುಗಿಸಿದ ಮೇಲೆ ಪದಕ್ಕೆ ಬಂದವರು. ಇಲ್ಲಿ ಮೊದಲು ರ, ಗ, ಸ, ದ, ಅ. ಐದೇ ಅಕ್ಷರ, ಕಾಗುಣಿತದ ಗೊಡವೆಯೇ ಇಲ್ಲ. ಆದರೂ ಮಗು ಓದುತ್ತದೆ: ಸರ, ಅಗಸ, ಗರಗಸ, ಅರಸ, ದಸರ. ಮೈಸೂರು ಜಿಲ್ಲೆಯ ಮಗುವಿಗೆ ಅರಸ, ದಸರಕ್ಕಿಂತ ಹತ್ತಿರದ ಪದ ಬೇಕೆ? ಗದಗ ಅಂತ ಓದಿದರೆ ಒಂದು ಊರೇ ಸಿಕ್ಕಿತು. ಕೆಲವೇ ವಾರಗಳಲ್ಲಿ ‘ನಾನು ಓದಿದೆ’ ಅಂತ ಮಗು ಮನೆಯಲ್ಲಿ ಹೇಳಬಲ್ಲದು. ಆ ಹೊತ್ತಿಗೆ ಮೇಷ್ಟ್ರ ಮುಖವನ್ನೂ ನೀವು ನೋಡಬೇಕು.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ತಂದಿತು, ಮುಂದೆ ಮೂರನೆಯದಕ್ಕೂ. ಸಂತೋಷಪಡಬೇಕು, ಪಟ್ಟೆ. ಆದರೆ ಹೊಟ್ಟೆಯಲ್ಲಿ ಒಂದು ಸಂಕಟವೂ ಇದೆ. ಅಚ್ಚುಕಟ್ಟಾದ ಬಣ್ಣದ ಕಾರ್ಡುಗಳು ಬೀದರಿಗೂ ಚಾಮರಾಜನಗರಕ್ಕೂ ಒಂದೇ ಥರ ಬಂದವು. ಬರೆದ ಮೇಷ್ಟ್ರಿಗೆ ಕಾರ್ಡಿನ ಮೇಲಿದ್ದ ಮಮತೆ ಪಾರ್ಸೆಲ್ಲಿನಲ್ಲಿ ಬರುವುದಿಲ್ಲವಲ್ಲ. ಒಂದು ಕಾರ್ಡು ಹರಿದರೆ ಹೊಸದು ಬರುವ ತನಕ ಏಣಿಯ ಮೆಟ್ಟಿಲೇ ಇಲ್ಲ. ಕೆಲವು ಶಾಲೆಗಳಲ್ಲಿ ದಾಖಲೆ ತುಂಬುವುದೇ ಪಾಠಕ್ಕಿಂತ ದೊಡ್ಡ ಕೆಲಸವಾಯಿತು. ಹರಿದ ಕಾರ್ಡಿನ ಜಾಗದಲ್ಲಿ ರಟ್ಟು ಕತ್ತರಿಸಿ ಸ್ಕೆಚ್ ಪೆನ್ನಿನಲ್ಲಿ ತಾವೇ ಹೊಸದು ಬರೆದಿಟ್ಟ ಟೀಚರುಗಳೂ ಇದ್ದಾರೆ. ಅವರ ಹೆಸರು ಯಾವ ವರದಿಯಲ್ಲೂ ಬಂದಿಲ್ಲ.

ನನ್ನ ಸಮಯ ಮುಗಿಯುತ್ತಾ ಬಂತು. ಕೊನೆಗೆ ಒಂದು ಸ್ವಾರ್ಥದ ಕೋರಿಕೆ. ಹೆಗ್ಗಡದೇವನಕೋಟೆ, ಸರಗೂರು ಕಡೆ ಆ ಕಾಲದಲ್ಲಿ ಪಾಠ ಮಾಡಿದ ನಿವೃತ್ತ ಮೇಷ್ಟ್ರುಗಳು, ಟೀಚರಮ್ಮಂದಿರು ಯಾರಾದರೂ ಕೇಳುತ್ತಿದ್ದರೆ, ಅಟ್ಟದ ಮೇಲಿನ ಟ್ರಂಕು ಒಮ್ಮೆ ತೆಗೆದು ನೋಡಿ. ನೀವು ಕೈಯಾರೆ ಬರೆದ ಆ ಮೊದಲ ಕಾರ್ಡುಗಳಲ್ಲಿ ಒಂದಾದರೂ ಉಳಿದಿದ್ದರೆ ಆಕಾಶವಾಣಿಗೆ ಒಂದು ಕಾಗದ ಹಾಕಿ. ಬಸ್ಸು ಹಿಡಿದು ಬಂದು ನೋಡುತ್ತೇನೆ.