ಒಪ್ಪುವ ಗೆಳೆಯರು, ತಿದ್ದುವ ಗೆಳೆಯರು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಆದರೆ ಈ ಶಾಲೆಯಿಂದ ನಾನು ಪಡೆದದ್ದರಲ್ಲಿ ಇಂದಿಗೂ ನನ್ನ ಕೈಹಿಡಿದಿರುವುದು ಒಬ್ಬ ಗೆಳೆಯ. ಆದ್ದರಿಂದ ಗೆಳೆಯರನ್ನು ಆರಿಸಿಕೊಳ್ಳುವ ವಿಷಯವನ್ನೇ ಎತ್ತಿಕೊಂಡಿದ್ದೇನೆ. ನಾನು ಕ್ರೈಸ್ತ ಮನೆಯಲ್ಲಿ ಬೆಳೆದವನು. ಹಾಗಾಗಿ ಬೈಬಲ್ಲಿನ ಒಂದು ಕಥೆ ಹೇಳುತ್ತೇನೆ. ಅದರ ನೀತಿ ಎಲ್ಲರ ಮನೆಗೂ ಸಲ್ಲುವಂಥದ್ದು.

ಇಸ್ರಾಯೇಲರ ಅರಸ ಸೊಲೊಮೋನ ಜ್ಞಾನಕ್ಕೆ ಹೆಸರಾದವನು. ಜ್ಞಾನೋಕ್ತಿಗಳ ಗ್ರಂಥದ ಬಹುಪಾಲು ಅವನ ಹೆಸರಿನಲ್ಲಿದೆ. ಯಾರ ಸಂಗಡ ಓಡಾಡುತ್ತೇವೋ ಅವರಂತೆಯೇ ಆಗುತ್ತೇವೆ ಎಂಬ ಬೋಧೆ ಅದರಲ್ಲಿದೆ. ಅಂಥವನ ಮಗ ರೆಹಬ್ಬಾಮ. ತಂದೆ ತೀರಿದ ಮೇಲೆ ಪಟ್ಟಕ್ಕಾಗಿ ಶೆಕೆಮಿಗೆ ಬಂದಾಗ, ಸೊಲೊಮೋನ ಹೊರಿಸಿದ್ದ ದುಡಿಮೆಯ ಭಾರವನ್ನು ಸ್ವಲ್ಪ ಇಳಿಸಿಕೊಡಬೇಕೆಂದು ಜನ ಬೇಡಿಕೊಂಡರು. ಅವನು ಮೂರು ದಿನ ಸಮಯ ಕೇಳಿದ. ಜನರ ಸೇವಕನಂತೆ ನಡೆದುಕೊಂಡರೆ ಅವರು ಎಂದಿಗೂ ಕೈಬಿಡುವುದಿಲ್ಲ ಎಂದು ತಂದೆಯ ಕಾಲದ ಹಿರಿಯರು ತಿಳಿಹೇಳಿದರು. ಆ ಮಾತು ಅವನಿಗೆ ಹಿಡಿಸಲಿಲ್ಲ. ತನ್ನ ಜೊತೆಯಲ್ಲೇ ಬೆಳೆದ ಗೆಳೆಯರನ್ನು ಕೇಳಿದ. ಭಾರವನ್ನು ಇನ್ನೂ ಹೆಚ್ಚಿಸು ಎಂದು ಅವರು ಹುರಿದುಂಬಿಸಿದರು. ಅವನು ಹಾಗೆಯೇ ಮಾಡಿದ. ಹತ್ತು ಕುಲಗಳು ಅವನನ್ನು ಬಿಟ್ಟುಹೋದವು. ರಾಜ್ಯ ಎರಡು ಹೋಳಾಯಿತು.

ಪಟ್ಟಕ್ಕೆ ಬಂದಾಗ ರೆಹಬ್ಬಾಮನಿಗೆ 41 ವರ್ಷ ಎಂದು ಬೈಬಲ್ ಹೇಳುತ್ತದೆ. ಅವನ ಗೆಳೆಯರ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಇದ್ದಿರಬೇಕು. ಹಾಗಾಗಿ ಕೆಟ್ಟ ಸಹವಾಸವೆಂಬುದು ಹುಡುಗರ ಸಮಸ್ಯೆ ಮಾತ್ರ ಎಂದು ನಾವು ದೊಡ್ಡವರು ಹೇಳುವಂತಿಲ್ಲ. ಅಲ್ಲದೆ ಅವನ ಸುತ್ತ ವಿವೇಕಿಗಳ ಕೊರತೆ ಇರಲಿಲ್ಲ. ತನ್ನ ಮನಸ್ಸಿನಲ್ಲಿದ್ದುದನ್ನೇ ಹೇಳುವವರನ್ನು ಅವನು ಹುಡುಕಿಕೊಂಡು ಹೋದ.

ನಾನೂ ಹಾಗೆ ಮಾಡಿದವನೇ. ಬಿ.ಇ. ಎರಡನೇ ವರ್ಷದಲ್ಲಿ ನಾಲ್ಕು ವಿಷಯಗಳಲ್ಲಿ ಫೇಲಾದೆ. ರೂಮಿನ ಗೆಳೆಯರು "ಎಲ್ಲರಿಗೂ ಆಗುತ್ತೆ ಬಿಡು ಮಗಾ" ಎಂದರು. ಎಲ್ಲರೂ ಸೇರಿ ಸಿನಿಮಾಕ್ಕೆ ಹೋದೆವು. ಫಲಿತಾಂಶ ಇನ್ನೂ ಬಂದಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಮ್ಮನ ಸರ ಅಡವಿಟ್ಟು ಫೀಸು ಕಟ್ಟಿದ್ದ ಅಪ್ಪ ಅದನ್ನು ನಂಬಿದರು. ನಿಜ ಗೊತ್ತಿದ್ದುದು ಊರಿನಲ್ಲಿ ಒಬ್ಬನಿಗೆ. ಈ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ಪಂಕ್ಚರ್ ಅಂಗಡಿ ಇಟ್ಟವನು. ಊರಿಗೆ ಬಂದಾಗ ಬಸ್ ನಿಲ್ದಾಣದಲ್ಲೇ ಹಿಡಿದು ನಿಲ್ಲಿಸಿದ. "ನಿಮ್ಮಪ್ಪ ದಿನಾ ಅಂಗಡಿಗೆ ಬಂದು ರಿಸಲ್ಟ್ ಬಂತಾ ಅಂತಾರೆ. ಆ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನನ್ನಿಂದಾಗಲ್ಲ. ಇವತ್ತೇ ನೀನೇ ಹೇಳು" ಎಂದ. ಹತ್ತನೇ ಕ್ಲಾಸಿಗೆ ಬಿಟ್ಟವನಿಗೆ ಇಂಜಿನಿಯರಿಂಗ್ ಏನು ಗೊತ್ತು ಎಂದು ರೇಗಿ ಹೊರಟೆ. ಎಂಟು ತಿಂಗಳು ಅವನೊಡನೆ ಮಾತು ಬಿಟ್ಟೆ.

ಮತ್ತೆ ಫೇಲಾಗಿ ಒಂದು ವರ್ಷ ಕಳೆದುಕೊಂಡೆ. ರೂಮಿನ ಗೆಳೆಯರು ಮುಂದಿನ ಕ್ಲಾಸಿಗೆ ಹೋದರು. ಅಪ್ಪನಿಗೆ ನಿಜ ಹೇಳಲು ಧೈರ್ಯ ಸಾಲದೆ ಅದೇ ಪಂಕ್ಚರ್ ಅಂಗಡಿಗೆ ಹೋದೆ. ಅವನು ಒಂದು ಮಾತೂ ಆಡದೆ ಅಂಗಡಿ ಮುಚ್ಚಿ ನನ್ನ ಜೊತೆ ಮನೆಗೆ ಬಂದ. ಅಪ್ಪ ಬೈದು ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದ. ಅವನು ಚರ್ಚಿಗೆ ಬರುವವನಲ್ಲ, ಮಾರಮ್ಮನ ಹಬ್ಬ ಮಾಡುವವನು. ವಿವೇಕಿಯಾದ ಗೆಳೆಯನನ್ನು ದೇವರು ಯಾವ ಮನೆಯಿಂದಲೂ ಕಳುಹಿಸಬಲ್ಲ ಎಂದು ನಾನು ನಂಬಿದ್ದೇನೆ.

ಹಾಗಾದರೆ ದಾರಿ ತಪ್ಪಿದವರನ್ನು ದೂರವಿಡಬೇಕೇ? ಯೇಸುಸ್ವಾಮಿ ಹಾಗೆ ಮಾಡಲಿಲ್ಲ. ಊರೆಲ್ಲ ಹೀನಾಯವಾಗಿ ಕಾಣುತ್ತಿದ್ದ ಸುಂಕದ ಜಕ್ಕಾಯನ ಮನೆಗೆ ತಾವಾಗಿಯೇ ಹೋದರು; ಬದಲಾದವನು ಜಕ್ಕಾಯ. ಆದರೆ ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುನ್ನ ಅವರು ಬೆಟ್ಟದಲ್ಲಿ ರಾತ್ರಿಯಿಡೀ ಪ್ರಾರ್ಥಿಸಿದರೆಂದು ಲೂಕನ ಸುವಾರ್ತೆಯಲ್ಲಿದೆ. ಎಲ್ಲರನ್ನೂ ಪ್ರೀತಿಸೋಣ. ಯಾರ ಮಾತಿನಂತೆ ನಡೆಯಬೇಕು ಎಂಬುದನ್ನು ಮಾತ್ರ ಯೋಚಿಸಿ ಆರಿಸೋಣ.

ನನ್ನ ಕೆಲಸದಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಪ್ಪು ತೋರಿಸಬೇಕು. ಓದದೆಯೇ "ಚೆನ್ನಾಗಿದೆ" ಎನ್ನುವವರು ಆ ದಿನಕ್ಕೆ ಇಷ್ಟವಾಗುತ್ತಾರೆ. ತಪ್ಪು ಗ್ರಾಹಕರ ಕೈಗೆ ಹೋದ ದಿನ ಆ ಒಪ್ಪಿಗೆಯ ಬೆಲೆ ತಿಳಿಯುತ್ತದೆ.

ಮಕ್ಕಳೇ, ನಿಮ್ಮ ತಪ್ಪನ್ನು ನಿಮ್ಮೆದುರಿಗೇ ಹೇಳಿ, ಬೆನ್ನ ಹಿಂದೆ ಹೇಳದವರು ಯಾರೆಂದು ಇವತ್ತು ಮನೆಗೆ ಹೋಗಿ ಯೋಚಿಸಿ. ಅಂಥವರು ಒಬ್ಬರಿದ್ದರೂ ಸಾಕು. ಅವರ ಮಾತು ನೋಯಿಸಿತೆಂದು ನನ್ನಂತೆ ಎಂಟು ತಿಂಗಳು ಮುನಿಸಿಕೊಳ್ಳಬೇಡಿ.

ನನ್ನ ಆ ಗೆಳೆಯ ಈಗ ಶಾಮಿಯಾನದ ಹಿಂದೆ ಊಟದ ಏರ್ಪಾಡು ನೋಡಿಕೊಳ್ಳುತ್ತಿದ್ದಾನೆ. ಭಾಷಣ ಉದ್ದವಾಯಿತೆಂದು ನನಗೆ ಮೊದಲು ಹೇಳುವವನೂ ಅವನೇ. ಅದಕ್ಕೆ ಮುಂಚೆ ಮುಗಿಸುತ್ತೇನೆ.